ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ 3 ತಿಂಗಳು ನುಂಗಿದೆ, ತೂಕ 200 ಗ್ರಾಂ ಜಾಸ್ತಿ ಆಗಿದೆ. ಡೋಸ್ ಸಾಲದಾ?

ಅರ್ಧನಿದ್ದೆ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 43 ವರ್ಷ. ಎತ್ತರ 168 ಸೆಂ.ಮೀ., ತೂಕ 87 ಕೆಜಿ, ಸೊಂಟದ ಸುತ್ತಳತೆ 104 ಸೆಂ.ಮೀ. ಫಾಸ್ಟಿಂಗ್ ಶುಗರ್ 112, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.0. ಡಾಕ್ಟರು "ಶುಗರ್ ಇನ್ನೂ ಮನೆಯೊಳಗೆ ಬಂದಿಲ್ಲ, ಹೊಸಿಲ ಮೇಲೆ ನಿಂತಿದೆ, ತೂಕ ಇಳಿಸಿ" ಅಂದರು. ಹೇಗೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ಮನೆಗೆ ಬಂದು ಹುಡುಕಿದೆ. ಎಲ್ಲಿ ನೋಡಿದರೂ ಒಂದೇ ಮಾತು. ಬೊಜ್ಜಿನಿಂದ ದೇಹದಲ್ಲಿ ಫ್ರೀ ರ್‍ಯಾಡಿಕಲ್ ಹೆಚ್ಚುತ್ತವೆ (ಕೋಶಗಳಿಗೆ ಪೆಟ್ಟು ಕೊಡುವ ಚುರುಕು ಕಣಗಳಂತೆ), ಅವುಗಳನ್ನು ಆಂಟಿಆಕ್ಸಿಡೆಂಟ್ ಕೊಲ್ಲುತ್ತದೆ, ಆಮೇಲೆ ಬೊಜ್ಜು ಕರಗುತ್ತದೆ. ಕೇಳಿದರೆ ಸರಿ ಅನಿಸುತ್ತದೆ, ಅಲ್ವಾ? ಒಂದು ಕ್ಯಾಪ್ಸೂಲ್ ತರಿಸಿದೆ. ಗ್ರೀನ್ ಟೀ ಸಾರ, ದ್ರಾಕ್ಷಿ ಬೀಜದ ಸಾರ, ರೆಸ್ವೆರಟ್ರಾಲ್ (ಕೆಂಪು ದ್ರಾಕ್ಷಿಯದ್ದು), ಕರ್ಕ್ಯುಮಿನ್ (ಅರಿಶಿನದ್ದು) ಎಲ್ಲಾ ಇದೆ. ಡಬ್ಬಿಯ ಮೇಲೆ ದೊಡ್ಡದಾಗಿ "ಓರ್‍ಯಾಕ್ 20,000" ಅಂತ ಬರೆದಿದೆ. ದಿನಕ್ಕೆ ಎರಡು, ಬೆಳಗ್ಗೆ ಖಾಲಿ ಹೊಟ್ಟೆಗೆ. ಒಂದು ದಿನವೂ ತಪ್ಪಿಸಿಲ್ಲ.

ಮೂರು ತಿಂಗಳಾಯಿತು. 87.0 ಇದ್ದದ್ದು 87.2 ಆಗಿದೆ. ಶುಗರ್ 111. ಸ್ನೇಹಿತರೊಬ್ಬರು ಡೋಸ್ ಡಬಲ್ ಮಾಡು ಅನ್ನುತ್ತಿದ್ದಾರೆ. ಮಾಡಲಾ?

ಸೈಕಲ್ ಸವಾರ · ಸೋಮವಾರ, ರಾತ್ರಿ 10:52

ಆ 200 ಗ್ರಾಂ ಕ್ಯಾಪ್ಸೂಲ್‌ನದ್ದೇ ಇರಬೇಕು. 😀

ತಮಾಷೆಗೆ ಹೇಳಿದೆ, ಬೇಸರ ಬೇಡ. ನಾನೂ ದಿನಾ ವಿಟಮಿನ್ ಸಿ 1000 ನುಂಗುವವನೇ. ಏನು ಹೇಳುತ್ತಾರೋ ಕೇಳೋಣ ಅಂತ ಇಲ್ಲೇ ಕೂತಿದ್ದೇನೆ.

ಬಿಳಿ ಕೋಟು · ಸೋಮವಾರ, ರಾತ್ರಿ 11:15

ಡಬಲ್ ಮಾಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ.

ನಾನು ನರ್ಸ್, ಹದಿನೈದು ವರ್ಷದಿಂದ ಮೆಡಿಸಿನ್ ವಾರ್ಡಿನಲ್ಲಿದ್ದೇನೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇಜಿಸಿಜಿ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ, ನೋಡಿ ಹೇಳಿ. ಗ್ರೀನ್ ಟೀಯಲ್ಲಿರುವ ಮುಖ್ಯ ಕ್ಯಾಟೆಚಿನ್ (ಒಂದು ಬಗೆಯ ಆಂಟಿಆಕ್ಸಿಡೆಂಟ್) ಅದು. ಇನ್ನೊಂದು ಪ್ರಶ್ನೆ: ಈಚೆಗೆ ಲಿವರ್ ಟೆಸ್ಟ್ ಮಾಡಿಸಿದ್ದೀರಾ? ಊಟ ಸೇರದಿರುವುದು, ವಿಪರೀತ ಸುಸ್ತು, ಮೂತ್ರ ಗಾಢ ಹಳದಿ ಆಗುವುದು ಏನಾದರೂ ಇದೆಯಾ?

ಅರ್ಧನಿದ್ದೆ · ಸೋಮವಾರ, ರಾತ್ರಿ 11:31

ಭೂತಗನ್ನಡಿ ಹಿಡಿದು ನೋಡಬೇಕಾಯಿತು ಮೇಡಂ. "ಎರಡು ಕ್ಯಾಪ್ಸೂಲ್‌ಗೆ: ಗ್ರೀನ್ ಟೀ ಸಾರ 1800 ಮಿ.ಗ್ರಾಂ, ಅದರಲ್ಲಿ ಇಜಿಸಿಜಿ 50%." ಅಂದರೆ 900. ಸುಸ್ತು ಇದೆ, ಆದರೆ ಅದು ನನಗೆ ಯಾವಾಗಲೂ ಇರುವುದೇ. ಹೆಸರು ಸುಮ್ನೆ ಇಟ್ಟುಕೊಂಡಿಲ್ಲ. ಲಿವರ್ ಟೆಸ್ಟ್ ಮಾಡಿಸಿಲ್ಲ.

ಬಿಳಿ ಕೋಟು · ಸೋಮವಾರ, ರಾತ್ರಿ 11:38

ನಾಳೆಯಿಂದ ನಿಲ್ಲಿಸಿ. ಈ ವಾರವೇ ಲಿವರ್ ಟೆಸ್ಟ್ ಮಾಡಿಸಿ. ಡಬ್ಬಿಯನ್ನೂ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಈ ವಿಷಯ ಪರಿಶೀಲಿಸಿತು. ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿ ತೆಗೆದುಕೊಂಡವರಲ್ಲಿ ಲಿವರ್ ಎನ್ಜೈಮ್ ಏರುವುದು (ಲಿವರಿಗೆ ಪೆಟ್ಟಾಗುತ್ತಿರುವ ಸೂಚನೆ) ಕಂಡುಬಂದಿದೆ ಅಂತ ಹೇಳಿತು. ನಿಮ್ಮದು 900. ಅದೂ ಖಾಲಿ ಹೊಟ್ಟೆಗೆ, ಆಗ ರಕ್ತಕ್ಕೆ ಸೇರುವುದು ಇನ್ನೂ ಜಾಸ್ತಿ. ಸೊಪ್ಪು ಬಿಸಿನೀರಿಗೆ ಹಾಕಿ ಕುಡಿಯುವ ಟೀ ಬೇರೆ, ಅದನ್ನೇ ಹಿಂಡಿ ಪುಡಿ ಮಾಡಿ ಒಂದೇ ಗುಟುಕಿಗೆ ನುಂಗುವುದು ಬೇರೆ.

ಲ್ಯಾಬ್ ಹುಳು · ಮಂಗಳವಾರ, ಬೆಳಗ್ಗೆ 6:20

ಬಿಳಿ ಕೋಟು ಮೇಡಂ ಹೇಳಿದ್ದನ್ನು ಮೊದಲು ಮಾಡಿ, ಆಮೇಲೆ ಇದನ್ನು ಓದಿ.

ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಈ ಓರ್‍ಯಾಕ್ ಟೆಸ್ಟನ್ನು, ಅಂದರೆ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಪರೀಕ್ಷೆಯನ್ನು, ನನ್ನ ಕೈಯಾರೆ ನೂರಾರು ಸಲ ಮಾಡಿದ್ದೇನೆ. ಆ 20,000 ಅನ್ನುವ ಸಂಖ್ಯೆ ಎಲ್ಲಿಂದ ಬರುತ್ತದೆ ಗೊತ್ತಾ? ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಸಣ್ಣ ಗುಳಿ. ಪ್ರತಿ ಗುಳಿಗೂ ಫ್ಲೋರೆಸೀನ್ ಅನ್ನುವ ಹಸಿರಾಗಿ ಹೊಳೆಯುವ ಬಣ್ಣ ಹಾಕುತ್ತೇವೆ. ಜೊತೆಗೆ ರ್‍ಯಾಡಿಕಲ್ ಹುಟ್ಟಿಸುವ ಒಂದು ರಾಸಾಯನಿಕ. ರ್‍ಯಾಡಿಕಲ್‌ಗಳು ಬಣ್ಣವನ್ನು ತಿನ್ನುತ್ತಾ ಬರುತ್ತವೆ, ಹೊಳಪು ಮೆಲ್ಲಗೆ ಆರುತ್ತದೆ. ನಿಮ್ಮ ಹಣ್ಣಿನ ರಸವನ್ನೋ ಟೀಯನ್ನೋ ಒಂದು ತೊಟ್ಟು ಹಾಕಿದರೆ ಹೊಳಪು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಎಷ್ಟು ಹೊತ್ತು ಜಾಸ್ತಿ ನಿಂತಿತು ಅನ್ನುವುದೇ ಆ ಸಂಖ್ಯೆ. ಅಷ್ಟೇ. ಅಲ್ಲಿ ಹೊಟ್ಟೆ ಇಲ್ಲ, ಕರುಳಿಲ್ಲ, ಲಿವರ್ ಇಲ್ಲ.

ಅಮೆರಿಕದ ಕೃಷಿ ಇಲಾಖೆ ಒಂದು ಕಾಲದಲ್ಲಿ ನೂರಾರು ಆಹಾರಗಳ ಓರ್‍ಯಾಕ್ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಇಟ್ಟಿತ್ತು. 2012ರಲ್ಲಿ ತೆಗೆದುಹಾಕಿತು. ಸಪ್ಲಿಮೆಂಟ್ ಮಾರುವವರು ಆ ಸಂಖ್ಯೆಗಳನ್ನು ಬೇಕಾಬಿಟ್ಟಿ ಬಳಸುತ್ತಿದ್ದಾರೆ, ದೇಹದೊಳಗಿನ ಪರಿಣಾಮಕ್ಕೂ ಇದಕ್ಕೂ ಸಂಬಂಧ ತೋರಿಸುವ ಆಧಾರ ಇಲ್ಲ ಅನ್ನುವುದೇ ಕಾರಣ. ಪಟ್ಟಿ ಹೋಗಿ ಇಷ್ಟು ವರ್ಷವಾದರೂ ಡಬ್ಬಿಗಳ ಮೇಲೆ ಸಂಖ್ಯೆ ಹಾಗೇ ಇದೆ.

ಇನ್ನು ದೇಹದ ಲೆಕ್ಕ. ನಿಮ್ಮ ಕ್ಯಾಪ್ಸೂಲಿನ ಮುಖ್ಯ ಪದಾರ್ಥಗಳೆಲ್ಲ ಪಾಲಿಫಿನಾಲ್ ಅನ್ನುವ ಸಸ್ಯ ರಾಸಾಯನಿಕಗಳು. ತಿಂದ ಪಾಲಿಫಿನಾಲ್‌ಗಳಲ್ಲಿ ಸಣ್ಣ ಕರುಳಿನಲ್ಲಿ ಒಳಗೆ ಹೋಗುವುದು ಸುಮಾರು 5ರಿಂದ 10%. ಹೋದದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ಹೊರಗಿನ ವಸ್ತು ಅಂತ ಗುರುತಿಸಿ, ಸಲ್ಫೇಟನ್ನೋ ಗ್ಲುಕುರೊನೈಡನ್ನೋ ಅಂಟಿಸಿ ಮೂತ್ರದ ದಾರಿ ತೋರಿಸುತ್ತವೆ. ರಕ್ತದಲ್ಲಿ ಉಳಿಯುವುದು ಸಾಮಾನ್ಯವಾಗಿ 1 ಮೈಕ್ರೊಮೋಲಾರ್‌ಗಿಂತಲೂ ಕಡಿಮೆ, ಅದೂ ಕೆಲವೇ ಗಂಟೆ. (ದ್ರವದಲ್ಲಿ ಎಷ್ಟು ಕರಗಿದೆ ಅನ್ನುವ ಅಳತೆ ಅದು.) ರಕ್ತದಲ್ಲಿ ಮೊದಲೇ ಇರುವ ಆಂಟಿಆಕ್ಸಿಡೆಂಟ್‌ಗಳು ಇದೇ ಅಳತೆಯಲ್ಲಿ ಎಷ್ಟು? ವಿಟಮಿನ್ ಸಿ 50–70 ಇರುತ್ತದೆ, ಯೂರಿಕ್ ಆಸಿಡ್ 200–400. ಜೀವಕೋಶದೊಳಗೆ ದೇಹ ತಾನೇ ಮಾಡಿಕೊಳ್ಳುವ ಗ್ಲುಟಾಥಯೋನ್ 1,000ದಿಂದ 10,000. ಇದರ ಮುಂದೆ ನಿಮ್ಮ ಕ್ಯಾಪ್ಸೂಲ್ ಅಂದರೆ ತುಂಬಿದ ಕೆರೆಗೆ ಒಂದು ಚೊಂಬು ನೀರು ಹೊಯ್ದ ಹಾಗೆ.

ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ, 2004ರದ್ದು. ಜನಕ್ಕೆ ಒಟ್ಟಿಗೆ ಐದು ಸೇಬು ತಿನ್ನಿಸಿ ರಕ್ತ ಪರೀಕ್ಷೆ ಮಾಡಿದರು. ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರಿತು! ಸೇಬಿನ ಫ್ಲೇವನಾಯ್ಡ್ (ಒಂದು ಬಗೆಯ ಪಾಲಿಫಿನಾಲ್) ಅಂತ ಕುಣಿಯುವ ಮೊದಲು ಇನ್ನೂ ಕೆದಕಿದರು. ಕಾರಣ ಫ್ಲೇವನಾಯ್ಡ್ ಅಲ್ಲವೇ ಅಲ್ಲ. ಹಣ್ಣಿನ ಫ್ರಕ್ಟೋಸ್ ಸಕ್ಕರೆಯಿಂದ ಲಿವರಿನಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿತ್ತು. ಗೌಟ್ ಅನ್ನುವ ಕೀಲು ನೋವು ಬರಿಸುವ ಅದೇ ಯೂರಿಕ್ ಆಸಿಡ್.

ಮೊಂಡುವಾದಿ · ಮಂಗಳವಾರ, ಬೆಳಗ್ಗೆ 9:05

ಹುಳು ಅವರೇ, ನಿಮ್ಮ ಲೆಕ್ಕ ಚೆನ್ನಾಗಿದೆ. ಆದರೆ ಹಣ್ಣು, ತರಕಾರಿ ಜಾಸ್ತಿ ತಿನ್ನುವವರು ತೆಳ್ಳಗಿರುತ್ತಾರೆ, ಅವರಿಗೆ ಶುಗರ್ ಕಡಿಮೆ ಅಂತ ದೊಡ್ಡ ದೊಡ್ಡ ಅಧ್ಯಯನಗಳೇ ಇವೆಯಲ್ಲ? 2016ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು ನಾನೇ ಓದಿದ್ದೇನೆ. 1,24,086 ಜನ, 24 ವರ್ಷದವರೆಗೆ ಹಿಂಬಾಲಿಸಿದ್ದಾರೆ. ಫ್ಲೇವನಾಯ್ಡ್ ಜಾಸ್ತಿ ತಿಂದವರ ತೂಕ ಕಡಿಮೆ ಏರಿದೆ. ಇದೂ ಸುಳ್ಳಾ?

ಲ್ಯಾಬ್ ಹುಳು · ಮಂಗಳವಾರ, ಮಧ್ಯಾಹ್ನ 1:10

ಸುಳ್ಳಲ್ಲ. ಒಳ್ಳೆಯ ಅಧ್ಯಯನ. ಆದರೆ ಎಷ್ಟು ಕಡಿಮೆ ಅನ್ನುವುದನ್ನು ನೋಡಿದಿರಾ? ಎಲ್ಲಕ್ಕಿಂತ ಜೋರಾಗಿ ಕಂಡದ್ದು ಆಂಥೋಸಯನಿನ್, ನೀಲಿ–ಕೆಂಪು ಹಣ್ಣುಗಳ ಬಣ್ಣ. ದಿನಕ್ಕೆ 10 ಮಿ.ಗ್ರಾಂ ಜಾಸ್ತಿ ತಿಂದವರಲ್ಲಿ ನಾಲ್ಕು ವರ್ಷಕ್ಕೆ ಸುಮಾರು 100 ಗ್ರಾಂ ವ್ಯತ್ಯಾಸ. ಲಕ್ಷಾಂತರ ಜನರಿರುವ ಸಮಾಜಕ್ಕೆ ಅದು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಬೆಲ್ಟಿನ ತೂತಿಗೆ ಬರುವುದಿಲ್ಲ.

ಮತ್ತೆ, ಹಣ್ಣು ತಿನ್ನುವವರು ಹಣ್ಣೊಂದನ್ನೇ ತಿನ್ನುವುದಿಲ್ಲ. ಅವರು ನಡೆಯುವುದು ಜಾಸ್ತಿ, ಸಿಗರೇಟ್ ಕಡಿಮೆ. ಸಂಶೋಧಕರು ಇದನ್ನೆಲ್ಲ ಲೆಕ್ಕದಿಂದ ಕಳೆಯುತ್ತಾರೆ. ಪೂರ್ತಿ ಕಳೆಯಲು ಆಗುವುದಿಲ್ಲ.

ಹಣ್ಣು–ತರಕಾರಿಯಿಂದ ಬಣ್ಣದ ಪದಾರ್ಥ ಒಂದನ್ನೇ ತೆಗೆದು ಗುಳಿಗೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಕ್ಯಾರೆಟ್ಟಿನ ಬಣ್ಣವಾದ ಬೀಟಾ ಕ್ಯಾರೊಟೀನ್ ಕಥೆ ಸಾಕು. ಕ್ಯಾರೆಟ್ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಸೇರಿಸಿ ಕೆಲವರಿಗೆ ದಿನಕ್ಕೆ 20 ಮಿ.ಗ್ರಾಂ ಗುಳಿಗೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚು. ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಗಿಡ್ಡ ಕೊಡೆ · ಮಂಗಳವಾರ, ಸಂಜೆ 5:48

ನೀವೆಲ್ಲ ಏನೇ ಹೇಳಿ, ನನಗೆ ಗ್ರೀನ್ ಟೀಯಿಂದಲೇ ಒಂದು ವರ್ಷದಲ್ಲಿ 6 ಕೆಜಿ ಇಳಿಯಿತು. ಕ್ಯಾಪ್ಸೂಲ್ ಅಲ್ಲ, ಕುಡಿಯುವ ಟೀ. ಬೇರೆ ಏನೂ ಬದಲಾಯಿಸಲಿಲ್ಲ. ಅನುಭವಕ್ಕೆ ಬೆಲೆ ಇಲ್ಲವಾ?

ಬಿಳಿ ಕೋಟು · ಮಂಗಳವಾರ, ಸಂಜೆ 6:30

ಖಂಡಿತ ಇದೆ ಅಕ್ಕ. ಒಂದು ಪ್ರಶ್ನೆ. ಗ್ರೀನ್ ಟೀ ಶುರು ಮಾಡುವ ಮೊದಲು ಆ ಹೊತ್ತಿನಲ್ಲಿ ಏನು ಕುಡಿಯುತ್ತಿದ್ದಿರಿ?

ಗಿಡ್ಡ ಕೊಡೆ · ಮಂಗಳವಾರ, ಸಂಜೆ 6:41

ಕಾಫಿ. ದಿನಕ್ಕೆ ಐದು ಕಪ್. ಎರಡೆರಡು ಚಮಚ ಸಕ್ಕರೆ...

ಓ.

ಸೈಕಲ್ ಸವಾರ · ಮಂಗಳವಾರ, ಸಂಜೆ 6:44

ಆ "ಓ" ಓದಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ.

ಬಿಳಿ ಕೋಟು · ಮಂಗಳವಾರ, ಸಂಜೆ 7:02

ನಗಬೇಡಿ, ಇದೇ ಈ ಚರ್ಚೆಯ ಅತಿ ಉಪಯೋಗದ ಪೋಸ್ಟ್. ಹತ್ತು ಚಮಚ ಸಕ್ಕರೆ ಅಂದರೆ ಸುಮಾರು 40 ಗ್ರಾಂ, 160 ಕ್ಯಾಲೊರಿ. ಅಕ್ಕ ದಿನಾ ಅಷ್ಟನ್ನು ಬಿಟ್ಟರು. ಹಾಲಿನ ಲೆಕ್ಕ ಬೇರೆ. ಗ್ರೀನ್ ಟೀ ಕೆಲಸ ಮಾಡಿದೆ, ಆದರೆ ಸಕ್ಕರೆ ಕಾಫಿಯ ಜಾಗದಲ್ಲಿ ಕೂತು.

ಟೀಗೆ ಸ್ವಂತ ಶಕ್ತಿ ಸ್ವಲ್ಪವೂ ಇಲ್ಲ ಅಂತಲ್ಲ. ಕೆಫೀನ್, ಕ್ಯಾಟೆಚಿನ್ ಎರಡೂ ಸೇರಿ ದೇಹ ಸುಡುವ ಶಕ್ತಿಯನ್ನು ಒಂಚೂರು ಏರಿಸುತ್ತವೆ. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಗ್ರೀನ್ ಟೀ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿತು. ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಸರಾಸರಿ ಇಳಿಕೆ 0.04 ಕೆಜಿ. ನಲವತ್ತು ಗ್ರಾಂ. ಒಂದು ಲೋಟ ನೀರು ಕುಡಿದರೆ ಅದಕ್ಕಿಂತ ಜಾಸ್ತಿ ಏರುತ್ತದೆ.

ಮೊಂಡುವಾದಿ · ಮಂಗಳವಾರ, ರಾತ್ರಿ 9:30

ಸರಿ, ಒಂದು ಸುತ್ತು ಸೋತೆ. ಆದರೆ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬೊಜ್ಜಿರುವವರ ದೇಹದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಫ್ರೀ ರ್‍ಯಾಡಿಕಲ್‌ಗಳ ಹಾವಳಿ, ಜಾಸ್ತಿ ಅನ್ನುವುದು ನಿಜ ತಾನೇ? ಬೆಂಕಿ ಇದೆ ಅಂದಮೇಲೆ ನೀರು ಹಾಕಿದರೆ ಆರಬೇಕಲ್ಲ?

ಲ್ಯಾಬ್ ಹುಳು · ಬುಧವಾರ, ಬೆಳಗ್ಗೆ 5:55

ಸರಿಯಾದ ಜಾಗಕ್ಕೆ ಬಂದಿರಿ. ಕಾಫಿ ಹಿಡಿದು ಕೂತಿದ್ದೇನೆ (ಸಕ್ಕರೆ ಇಲ್ಲ).

ಬೆಂಕಿ ಇರುವುದು ನಿಜ. ಎಲ್ಲಿಂದ ಅಂತ ಹತ್ತಿರದಿಂದ ನೋಡೋಣ. ಕೊಬ್ಬಿನ ಒಂದು ಕೋಶವನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಅದು ಎಣ್ಣೆ ತುಂಬಿದ ಬಲೂನಿನ ಹಾಗೆ ಕಾಣುತ್ತದೆ. ಕೋಶದ ಉಳಿದ ಸಾಮಾನೆಲ್ಲ ಒಂದು ಅಂಚಿಗೆ ಒತ್ತರಿಸಿಕೊಂಡಿರುತ್ತದೆ. ತೂಕ ಏರಿದಂತೆ ಬಲೂನು ಊದುತ್ತದೆ, ಅಡ್ಡಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ದಾಟುತ್ತದೆ. ಅಷ್ಟು ದೂರ ಆಮ್ಲಜನಕ ಸರಿಯಾಗಿ ಇಳಿಯುವುದಿಲ್ಲ. ಕೋಶ ಉಸಿರುಕಟ್ಟಿ ಒದ್ದಾಡುತ್ತದೆ, ಕೆಲವು ಸಾಯುತ್ತವೆ. ಸತ್ತ ಕೋಶದ ಸುತ್ತ ಮ್ಯಾಕ್ರೋಫೇಜ್ ಅನ್ನುವ ಬಿಳಿ ರಕ್ತಕಣಗಳು ಉಂಗುರ ಕಟ್ಟಿ ನಿಲ್ಲುತ್ತವೆ. ಸ್ಲೈಡಿನಲ್ಲಿ ಕಿರೀಟದ ಹಾಗೇ ಕಾಣುತ್ತದೆ. ತೆಳ್ಳಗಿರುವವರ ಕೊಬ್ಬಿನಲ್ಲಿ ಈ ಕಣಗಳು 10%ಗಿಂತ ಕಡಿಮೆ, ಬೊಜ್ಜಿದ್ದರೆ 40% ಹತ್ತಿರಕ್ಕೆ ಹೋಗಬಹುದು ಅಂತ 2003ರಲ್ಲೇ ಬರೆದಿದ್ದಾರೆ.

ಈ ಕಣಗಳು ಮತ್ತು ಊದಿದ ಕೋಶ ಎರಡೂ ರ್‍ಯಾಡಿಕಲ್ ಉಗುಳುತ್ತವೆ. ಟಿಎನ್‌ಎಫ್ ಆಲ್ಫಾ ತರಹದ ಉರಿಯೂತದ ಸಂದೇಶಗಳನ್ನೂ ಕಳಿಸುತ್ತವೆ. ಆ ಸಂದೇಶ ತಲುಪಿದ ಕೋಶದಲ್ಲಿ ಇನ್ಸುಲಿನ್ ಬಾಗಿಲು ಬಡಿದರೂ ಒಳಗೆ ಕೇಳಿಸುವುದಿಲ್ಲ. ಇದನ್ನೇ ಇನ್ಸುಲಿನ್ ರೆಸಿಸ್ಟೆನ್ಸ್ ಅನ್ನುವುದು.

ಹಾಗಾದರೆ ರ್‍ಯಾಡಿಕಲ್‌ಗಳನ್ನು ಒರೆಸಿದರೆ ಆಯಿತಲ್ಲ? ಇಲ್ಲೇ ಎಡವುವುದು. ರ್‍ಯಾಡಿಕಲ್ ಹೊಗೆ ಇದ್ದ ಹಾಗೆ, ಒಲೆ ಬೇರೆ ಕಡೆ ಇದೆ. ಒಲೆ ಅಂದರೆ ಊದಿದ ಕೋಶ. ಇನ್ನೂ ಮುಖ್ಯವಾದದ್ದು, ಎಲ್ಲಾ ರ್‍ಯಾಡಿಕಲ್ ಕೆಟ್ಟದ್ದಲ್ಲ. ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ಹುಟ್ಟುವ ರ್‍ಯಾಡಿಕಲ್ ಒಂದು ಸುದ್ದಿಗಾರ. "ಕೆಲಸ ಜಾಸ್ತಿ ಆಗಿದೆ, ರಕ್ಷಣೆ ಹೆಚ್ಚಿಸು, ಸಕ್ಕರೆ ಎಳೆದುಕೋ" ಅಂತ ಕೋಶಕ್ಕೆ ಹೇಳುವುದೇ ಅದು. 2009ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು 40 ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನಕ್ಕೆ ದಿನಾ ವಿಟಮಿನ್ ಸಿ 1000 ಮಿ.ಗ್ರಾಂ, ವಿಟಮಿನ್ ಇ 400 ಯೂನಿಟ್. ಗುಳಿಗೆ ತಿನ್ನದವರಲ್ಲಿ ಇನ್ಸುಲಿನ್ ಕೆಲಸ ಮಾಡುವುದು ಸುಧಾರಿಸಿತು. ತಿಂದವರಲ್ಲಿ ಸುಧಾರಿಸಲಿಲ್ಲ. ಸುದ್ದಿಗಾರನ ಬಾಯಿ ಮುಚ್ಚಿಸಿದ್ದರು. ನಂತರದ ಎಲ್ಲ ಪ್ರಯೋಗಗಳಲ್ಲೂ ಇದು ಇಷ್ಟು ಸ್ಪಷ್ಟವಾಗಿ ಬಂದಿಲ್ಲ, ಆದರೆ ಗುಳಿಗೆಯಿಂದ ಲಾಭ ಅಂತೂ ಕಾಣಲಿಲ್ಲ.

ಸೈಕಲ್ ಸವಾರ · ಬುಧವಾರ, ಬೆಳಗ್ಗೆ 7:15

ಅಯ್ಯೋ. ನಾಲ್ಕು ವರ್ಷದಿಂದ ಪ್ರತಿ ರೈಡ್ ಮುಗಿಸಿದ ಕೂಡಲೇ ವಿಟಮಿನ್ ಸಿ ನುಂಗುತ್ತಿದ್ದೇನೆ ಗುರುವೇ!

ಲ್ಯಾಬ್ ಹುಳು · ಬುಧವಾರ, ಬೆಳಗ್ಗೆ 7:22

ಇವತ್ತು ಒಂದು ಕಿತ್ತಳೆ ತಿನ್ನಿ.

ಮೊಂಡುವಾದಿ · ಬುಧವಾರ, ಮಧ್ಯಾಹ್ನ 12:40

ಹಾಗಾದರೆ ಸಸ್ಯಗಳಲ್ಲಿರುವ ಈ ಪದಾರ್ಥಗಳೆಲ್ಲ ದಂಡವಾ? ರೆಸ್ವೆರಟ್ರಾಲ್ ಬಗ್ಗೆ ಅಷ್ಟು ಗದ್ದಲ ಆಗಿತ್ತಲ್ಲ.

ಲ್ಯಾಬ್ ಹುಳು · ಬುಧವಾರ, ರಾತ್ರಿ 8:50

ದಂಡ ಅಲ್ಲ. ಕೆಲಸ ಮಾಡುವ ದಾರಿ ಬೇರೆ.

ರೆಸ್ವೆರಟ್ರಾಲ್ ಬೇಗ ಮುಗಿಸುತ್ತೇನೆ. 2006ರಲ್ಲಿ ಕೊಬ್ಬಿನ ಊಟ ತಿನ್ನಿಸಿದ ಇಲಿಗಳಿಗೆ ಕೊಟ್ಟಾಗ ಅವು ಹೆಚ್ಚು ಕಾಲ ಬದುಕಿದವು. ಗಮನಿಸಿ, ದಪ್ಪ ಹಾಗೇ ಇತ್ತು. ಪ್ರತಿ ಕೆಜಿ ತೂಕಕ್ಕೆ ಸುಮಾರು 22 ಮಿ.ಗ್ರಾಂ ಡೋಸ್. ಕೆಂಪು ವೈನಿನಲ್ಲಿ ಲೀಟರಿಗೆ ಸಿಗುವುದು ಕೆಲವೇ ಮಿಲಿಗ್ರಾಂ. ಮನುಷ್ಯರಲ್ಲಿ 11 ಬೊಜ್ಜಿನ ಗಂಡಸರಿಗೆ 150 ಮಿ.ಗ್ರಾಂ ಕೊಟ್ಟ 2011ರ ಪ್ರಯೋಗದಲ್ಲಿ ಸ್ವಲ್ಪ ಒಳ್ಳೆಯದು ಕಂಡಿತು. 2013ರಲ್ಲಿ ಅದರ ಹತ್ತು ಪಟ್ಟು, 1500 ಮಿ.ಗ್ರಾಂ, 24 ಗಂಡಸರಿಗೆ ನಾಲ್ಕು ವಾರ ಕೊಟ್ಟರು. ಇನ್ಸುಲಿನ್ ವಿಷಯದಲ್ಲಿ ಏನೂ ಆಗಲಿಲ್ಲ.

ಆಸಕ್ತಿಯ ಕಥೆ ಬ್ರೊಕೊಲಿಯದ್ದು. ಬ್ರೊಕೊಲಿ ಕಚ್ಚಿದಾಗ ಹುಟ್ಟುವ ಸಲ್ಫೊರಾಫೇನ್, ಗಿಡ ಹುಳಕ್ಕೆ ಇಟ್ಟಿರುವ ಖಾರ. (ಹುಳು ಅಂತ ಹೆಸರಿಟ್ಟುಕೊಂಡ ನಾನೇ ಇದನ್ನು ಹೇಳಬೇಕಾಗಿದೆ.) ಅದು ರ್‍ಯಾಡಿಕಲ್ ಒರೆಸುವುದಿಲ್ಲ. ಅದೇ ಕೋಶಕ್ಕೆ ಸ್ವಲ್ಪ ಚುಚ್ಚುತ್ತದೆ. ಆ ಚುಚ್ಚಿಗೆ ಎನ್‌ಆರ್‌ಎಫ್2 ಅನ್ನುವ ಪ್ರೋಟೀನ್ ಎಚ್ಚೆತ್ತು, ಕೋಶದ ಸ್ವಂತ ರಕ್ಷಣೆಯ ಜೀನ್‌ಗಳನ್ನು ಶುರು ಮಾಡುತ್ತದೆ. ಗ್ಲುಟಾಥಯೋನ್ ತಯಾರಿ ಹೆಚ್ಚುತ್ತದೆ. ಅಂದರೆ ಹೊರಗಿನಿಂದ ಚೊಂಬು ನೀರು ತರುವ ಬದಲು ಕೆರೆಯ ಊಟೆ ತೆರೆದ ಹಾಗೆ. 2017ರಲ್ಲಿ ಟೈಪ್ 2 ಡಯಾಬಿಟಿಸ್ ಇರುವ 97 ಜನಕ್ಕೆ ಬ್ರೊಕೊಲಿ ಮೊಳಕೆಯ ಸಾರ 12 ವಾರ ಕೊಟ್ಟರು. ಬೊಜ್ಜಿದ್ದು ಶುಗರ್ ಹತೋಟಿ ತಪ್ಪಿದವರಲ್ಲಿ ಫಾಸ್ಟಿಂಗ್ ಶುಗರ್ ಇಳಿಯಿತು. ಅದೂ ಸಾಂದ್ರ ಸಾರ, ತಟ್ಟೆಯ ಬ್ರೊಕೊಲಿ ಅಲ್ಲ. ಅವರ ಮಾತ್ರೆ ನಿಲ್ಲಿಸಿರಲೂ ಇಲ್ಲ.

ಇನ್ನೊಂದು ದಾರಿ ಕರುಳು. ಸಣ್ಣ ಕರುಳು ಬಿಟ್ಟುಕೊಟ್ಟ 90% ಎಲ್ಲಿ ಹೋಯಿತು ಅಂತ ಯಾರೂ ಕೇಳಲೇ ಇಲ್ಲ! ದೊಡ್ಡ ಕರುಳಿಗೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ಊಟ. ದಾಳಿಂಬೆ, ವಾಲ್‌ನಟ್, ರಾಸ್ಪ್‌ಬೆರಿಯ ಎಲಾಜಿಟ್ಯಾನಿನ್ ಅನ್ನುವ ಪಾಲಿಫಿನಾಲನ್ನು ಮುರಿದು ಅವು ಯೂರೊಲಿಥಿನ್ ಮಾಡುತ್ತವೆ, ಅದು ರಕ್ತಕ್ಕೆ ಸೇರುತ್ತದೆ. ಆದರೆ ಎಲ್ಲರ ಕರುಳಿನಲ್ಲೂ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಇಬ್ಬರು ಒಂದೇ ದಾಳಿಂಬೆ ಹಂಚಿಕೊಂಡು ತಿಂದರೂ ಒಬ್ಬರಿಗೆ ಯೂರೊಲಿಥಿನ್, ಇನ್ನೊಬ್ಬರಿಗೆ ಬರೀ ದಾಳಿಂಬೆ. ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೂ ಒಂದು ಕಾರಣ.

ನಿರ್ವಾಹಕ · ಬುಧವಾರ, ರಾತ್ರಿ 9:14

"ಬೆರಿ ಪುಡಿ, 21 ದಿನದಲ್ಲಿ ಹೊಟ್ಟೆ ಮಾಯ" ಅಂತ ಹಾಕಿದ್ದ ಜಾಹೀರಾತಿನ ಪೋಸ್ಟ್ ತೆಗೆದಿದ್ದೇನೆ. ಈ ಚರ್ಚೆಯಲ್ಲಿ ಇದು ಮೂರನೆಯದು. ಮುಂದುವರಿಸಿ.

ಗಿಡ್ಡ ಕೊಡೆ · ಗುರುವಾರ, ಬೆಳಗ್ಗೆ 8:00

ಬೆರಿ ಅಂದಾಗ ನೆನಪಾಯಿತು. ಬ್ಲೂಬೆರಿ ಇನ್ಸುಲಿನ್‌ಗೆ ಒಳ್ಳೆಯದು ಅಂತ ಓದಿದ್ದೆ. ಇದೂ "ಓ" ಆಗುತ್ತದಾ?

ಬಿಳಿ ಕೋಟು · ಗುರುವಾರ, ಮಧ್ಯಾಹ್ನ 3:25

ಅರ್ಧ "ಓ". 2010ರಲ್ಲಿ ಬೊಜ್ಜು ಮತ್ತು ಇನ್ಸುಲಿನ್ ರೆಸಿಸ್ಟೆನ್ಸ್ ಇರುವ 32 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪು ಆರು ವಾರ ದಿನಕ್ಕೆ 45 ಗ್ರಾಂ ಒಣಗಿಸಿದ ಬ್ಲೂಬೆರಿ ಪುಡಿ ಕುಡಿಯಿತು. ಇನ್ಸುಲಿನ್ ಕೆಲಸ ಸುಧಾರಿಸಿತು, ತೂಕ ಬದಲಾಗಲಿಲ್ಲ. 2019ರಲ್ಲಿ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಬಿಪಿ, ಶುಗರ್‌ನಂಥವು ಒಟ್ಟಿಗೆ ಏರಿರುವ ಸ್ಥಿತಿ) ಇರುವ 115 ಜನರ ದೊಡ್ಡ ಪ್ರಯೋಗ, ಆರು ತಿಂಗಳು. ಒಂದು ಕಪ್ ಬೆರಿಯಷ್ಟು ಪುಡಿ ತಿಂದವರಲ್ಲಿ ರಕ್ತನಾಳ ಹಿಗ್ಗುವುದು ಸುಧಾರಿಸಿತು. ಇನ್ಸುಲಿನ್ ರೆಸಿಸ್ಟೆನ್ಸ್ ಹಾಗೇ ಇತ್ತು.

ನನಗೆ ಇದರಲ್ಲಿ ಕಾಣುವುದು ಏನೆಂದರೆ, ತೂಕದ ಯಂತ್ರ ನೋಡಿ ಹಣ್ಣನ್ನು ಅಳೆಯಬೇಡಿ. ರಕ್ತನಾಳ, ಬಿಪಿ, ಊಟದ ನಂತರದ ಶುಗರ್, ಇವು ತೂಕ ಅಲ್ಲಾಡದೆಯೂ ಸುಧಾರಿಸಬಹುದು.

ಮತ್ತೆ ಹಣ್ಣನ್ನು ಹಣ್ಣಾಗಿಯೇ ತಿನ್ನಿ. 2013ರಲ್ಲಿ 1,87,382 ಜನರ ಮಾಹಿತಿ ನೋಡಿದಾಗ ವಾರಕ್ಕೆ ಮೂರು ಸಲ ಬ್ಲೂಬೆರಿ ತಿನ್ನುವವರಲ್ಲಿ ಟೈಪ್ 2 ಡಯಾಬಿಟಿಸ್ ಅಪಾಯ 26% ಕಡಿಮೆ ಕಂಡಿತು. ಹಣ್ಣಿನ ಜ್ಯೂಸ್ ವಾರಕ್ಕೆ ಮೂರು ಸಲ ಕುಡಿದವರಲ್ಲಿ 8% ಹೆಚ್ಚು. ಜ್ಯೂಸಿನಲ್ಲೂ ಆಂಟಿಆಕ್ಸಿಡೆಂಟ್ ಇದೆ! ಇಲ್ಲದಿರುವುದು ನಾರು ಮತ್ತು ಅಗಿಯುವ ಕೆಲಸ.

ಸುಮ್ನೆ ಓದುಗ · ಗುರುವಾರ, ರಾತ್ರಿ 10:10

ಅಡುಗೆಮನೆಯ ಮಾತು ಸ್ವಲ್ಪ ಹೇಳಲಾ? ಬ್ರೊಕೊಲಿಯನ್ನು ಇಡಿಯಾಗಿ ಕುದಿಯುವ ನೀರಿಗೆ ಹಾಕಿದರೆ ಸಲ್ಫೊರಾಫೇನ್ ಮಾಡುವ ಎನ್ಜೈಮ್ ಕೆಲಸ ಶುರು ಮಾಡುವ ಮೊದಲೇ ಸತ್ತಂತೆ. ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಹದವಾಗಿ ಹಬೆಯಲ್ಲಿ ಬೇಯಿಸಿ. ಮರೆತು ಬೇಯಿಸಿಬಿಟ್ಟರೆ ಮೇಲೆ ಒಂದು ಚಿಟಿಕೆ ಸಾಸಿವೆ ಪುಡಿ ಉದುರಿಸಿ, ಅದರಲ್ಲೂ ಅದೇ ಎನ್ಜೈಮ್ ಇದೆ. ಈರುಳ್ಳಿಯ ಕ್ವೆರ್ಸೆಟಿನ್ (ಅದೂ ಒಂದು ಫ್ಲೇವನಾಯ್ಡ್) ಹೊರಗಿನ ಪದರಗಳಲ್ಲಿ ಜಾಸ್ತಿ. ಸಿಪ್ಪೆಯ ಜೊತೆ ಎರಡು ಪದರ ಕಿತ್ತು ಬಿಸಾಡುವ ನನ್ನ ಗಂಡನಿಗೆ ಇದನ್ನು ಓದಿಸುತ್ತಿದ್ದೇನೆ. ಕ್ಯಾರೆಟ್, ಟೊಮೆಟೊಗೆ ಸ್ವಲ್ಪ ಎಣ್ಣೆ ಬೇಕೇ ಬೇಕು. ಎಣ್ಣೆ ಇಲ್ಲದ ಸಲಾಡಿನಿಂದ ಕ್ಯಾರೊಟಿನಾಯ್ಡ್ (ಅವುಗಳ ಬಣ್ಣದ ಪದಾರ್ಥ) ಹೆಚ್ಚುಕಡಿಮೆ ಒಳಗೇ ಹೋಗುವುದಿಲ್ಲ.

ಇನ್ನೊಂದು. ರಕ್ತ ಕಡಿಮೆ ಇರುವವರು ಊಟದ ಜೊತೆಗೇ ಟೀ ಕುಡಿಯಬೇಡಿ, ಟೀಯ ಒಗರಿನ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದುಕೊಳ್ಳುತ್ತದೆ. ಒಂದು ಗಂಟೆ ಬಿಡಿ.

ಅರ್ಧನಿದ್ದೆ · ಭಾನುವಾರ, ಬೆಳಗ್ಗೆ 11:20

ಟೆಸ್ಟ್ ಬಂತು. ಎಎಲ್‌ಟಿ (ಒಂದು ಲಿವರ್ ಎನ್ಜೈಮ್) 118. ರಿಪೋರ್ಟಿನಲ್ಲಿ 40ರವರೆಗೆ ನಾರ್ಮಲ್ ಅಂತಿದೆ. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಪದಾರ್ಥ) ಸರಿಯಿದೆ. ಡಾಕ್ಟರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನು ಯಾರು ಬರೆದುಕೊಟ್ಟರು?" ಅಂದರು. ನಾನೇ ಅಂದೆ. ಹೆಪಟೈಟಿಸ್ ಟೆಸ್ಟ್, ಸ್ಕ್ಯಾನ್ ಬರೆದಿದ್ದಾರೆ.

"ಗಿಡದಿಂದ ಬಂದದ್ದು, ಸೈಡ್ ಎಫೆಕ್ಟ್ ಇಲ್ಲ" ಅಂತ ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರದ ಪಕ್ಕದಲ್ಲೇ ಬರೆದಿದೆ. ಅದನ್ನು ನೋಡುತ್ತಾ ಕೂತಿದ್ದೇನೆ.

ಬಿಳಿ ಕೋಟು · ಭಾನುವಾರ, ಬೆಳಗ್ಗೆ 11:45

ಬಿಲಿರುಬಿನ್ ಸರಿಯಿದೆ ಅನ್ನುವುದು ಒಳ್ಳೆಯ ಸುದ್ದಿ. ಲಿವರಿನಲ್ಲಿ ಕೊಬ್ಬು ಇದ್ದರೂ ಎಎಲ್‌ಟಿ ಏರುತ್ತದೆ, ಹಾಗಾಗಿ ಪೂರ್ತಿ ಕ್ಯಾಪ್ಸೂಲ್ ಮೇಲೇ ಹೊರಿಸಲು ಈಗಲೇ ಆಗುವುದಿಲ್ಲ. ನಿಲ್ಲಿಸಿದ ಮೇಲೆ ಎಷ್ಟು ಇಳಿಯುತ್ತದೆ ನೋಡಿದರೆ ಗೊತ್ತಾಗುತ್ತದೆ. ಅರಿಶಿನದ ಸಾಂದ್ರ ಸಾರದಿಂದಲೂ ಲಿವರಿಗೆ ಪೆಟ್ಟಾದ ಪ್ರಕರಣಗಳಿವೆ, ಕರಿಮೆಣಸಿನ ಪೈಪರಿನ್ ಸೇರಿಸಿದ್ದರೆ ಒಳಗೆ ಹೋಗುವುದು ಇನ್ನೂ ಜಾಸ್ತಿ. ಅದನ್ನೂ ಡಾಕ್ಟರಿಗೆ ಹೇಳಿ.

ಶುಗರ್ ಹೊಸಿಲ ಮೇಲಿರುವಾಗ ಯಾವುದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ತುಂಬಾ ಗಟ್ಟಿ ಆಧಾರ ಒಂದಿದೆ. 2002ರಲ್ಲಿ ಬಂದ ಅಮೆರಿಕದ ಡಯಾಬಿಟಿಸ್ ತಡೆ ಪ್ರಯೋಗ, 3,234 ಜನ. ತೂಕದಲ್ಲಿ 7% ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆ, ಇಷ್ಟೇ ಗುರಿ. ಡಯಾಬಿಟಿಸ್ ಬರುವುದು 58% ಕಡಿಮೆಯಾಯಿತು. ನಿಮಗೆ 7% ಅಂದರೆ 6 ಕೆಜಿ. ತಟ್ಟೆಯಲ್ಲಿ ತರಕಾರಿ, ಕಾಳು ಜಾಸ್ತಿ ಮಾಡಿ, ಅವು ಬೇರೆ ಯಾವುದರ ಜಾಗ ಹಿಡಿಯುತ್ತವೆ ಅನ್ನುವುದನ್ನು ಲೆಕ್ಕ ಇಡಿ. ಗಿಡ್ಡ ಕೊಡೆ ಅಕ್ಕನ ಕಾಫಿಯ ಹಾಗೆ.

ಮೊಂಡುವಾದಿ · ಭಾನುವಾರ, ಮಧ್ಯಾಹ್ನ 12:30

ಬೇಗ ಹುಷಾರಾಗಿ. ನನ್ನ ಹತ್ತಿರವೂ ಗ್ರೀನ್ ಕಾಫಿ ಬೀಜದ ಡಬ್ಬಿ ಒಂದಿದೆ, ಅರ್ಧ ಖಾಲಿ. ಈಗಷ್ಟೇ ಹುಡುಕಿದೆ. 16 ಜನರ ಮೇಲೆ ನಡೆದ 2012ರ ಪ್ರಯೋಗ ನೋಡಿ ಕೊಂಡಿದ್ದೆ. ಅದನ್ನು 2014ರಲ್ಲಿ ಹಿಂತೆಗೆದುಕೊಂಡಿದ್ದಾರೆ. ಡಬ್ಬಿ ತಗೊಂಡದ್ದು ಅದಾದ ಮೇಲೆ. ನಾಚಿಕೆ ಆಗುತ್ತಿದೆ.

ಅರ್ಧನಿದ್ದೆ · 12 ವಾರಗಳ ನಂತರ, ಶನಿವಾರ, ರಾತ್ರಿ 9:05

ಹಳೆಯ ಚರ್ಚೆಯನ್ನು ಮೇಲಕ್ಕೆ ತರುತ್ತಿದ್ದೇನೆ, ಕ್ಷಮಿಸಿ. ಸುಮಾರು ಜನ ಮೆಸೇಜ್ ಮಾಡಿ ಕೇಳಿದ್ದರು.

ಎಎಲ್‌ಟಿ ಆರು ವಾರಕ್ಕೆ 52, ಈಗ 36. ಹೆಪಟೈಟಿಸ್ ಇಲ್ಲ. ಸ್ಕ್ಯಾನಿನಲ್ಲಿ ಲಿವರಿನಲ್ಲಿ ಕೊಬ್ಬು ಸ್ವಲ್ಪ ಇದೆ. ಕ್ಯಾಪ್ಸೂಲೇ ಕಾರಣ ಅಂತ ಡಾಕ್ಟರು ಬರೆದುಕೊಡಲಿಲ್ಲ, ಆದರೆ "ಮತ್ತೆ ಮುಟ್ಟಬೇಡಿ" ಅಂತ ಬಾಯಲ್ಲಿ ಹೇಳಿದರು.

ಮಾಡಿದ್ದು ಇಷ್ಟೇ. ರಾತ್ರಿ ಊಟದ ಅರ್ಧ ತಟ್ಟೆ ತರಕಾರಿ. ಸಂಜೆ ಬಿಸ್ಕತ್ತಿನ ಜಾಗದಲ್ಲಿ ಒಂದು ಹಣ್ಣು. ಊಟವಾದ ಮೇಲೆ ಅರ್ಧ ಗಂಟೆ ನಡಿಗೆ, ವಾರಕ್ಕೆ ಐದು ದಿನ ಅಂದುಕೊಂಡೆ, ನಾಲ್ಕು ದಿನ ಆಗುತ್ತಿದೆ. ಮೊದಲ ಮೂರು ವಾರ ತೂಕ ಒಂದು ಚೂರೂ ಅಲ್ಲಾಡಲಿಲ್ಲ, ಸಿಟ್ಟು ಬಂದಿತ್ತು. ಈಗ 84.3. ಸೊಂಟ 100. ಫಾಸ್ಟಿಂಗ್ 103. ಮತ್ತೊಂದು ವಿಷಯ, ರಾತ್ರಿ ನಿದ್ದೆ ಬರುತ್ತಿದೆ. ಆ ಕ್ಯಾಪ್ಸೂಲಿನಲ್ಲಿ ಕೆಫೀನ್ ಕೂಡ ಇತ್ತು ಅಂತ ಆಮೇಲೆ ಭೂತಗನ್ನಡಿಯಲ್ಲೇ ಗೊತ್ತಾಯಿತು.

ಇನ್ನೂ ಎರಡು ಡಬ್ಬಿ ಸೀಲ್ ಒಡೆಯದೆ ಹಾಗೇ ಇದೆ. ಏನು ಮಾಡಲಿ?

ಸೈಕಲ್ ಸವಾರ · ಶನಿವಾರ, ರಾತ್ರಿ 9:11

ಒಳಗಿನದನ್ನು ಬಿಸಾಡಿ, ಡಬ್ಬಿ ತೊಳೆದು ನನಗೆ ಕೊಡಿ. ಸ್ಕ್ರೂ, ವಾಷರ್ ಹಾಕಿಡಲು ಅಂಥದ್ದೇ ಬೇಕಿತ್ತು. ಮತ್ತೆ ಆ ಹೆಸರು ಬದಲಾಯಿಸಿ ಮಾರಾಯರೇ, ಪೂರ್ತಿ ನಿದ್ದೆ ಬರುತ್ತಿದೆಯಲ್ಲ.